ಎದಿ ತೊಟ್ಟಿನ ಉರಿ ಅಂದ ಕೂಡಲೆ ಫಂಗಸ್ ಅನ್ಬ್ಯಾಡ್ರಿ: ಬಾಣಂತಿಯರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳ ಸಂಚಿಕಿಯಾಗ ಕೂಸಿನ ಬಾಯಾಗ ಬೆಳ್ಳಗ ಆಗೂದರ ಬಗ್ಗೆ, ಅಂದ್ರ ಥ್ರಷ್ ಅಂತಾರಲ್ಲ ಆ ಫಂಗಸ್ ಬಗ್ಗೆ, ನಾಕ ಸಾಲು ಬರದಿದ್ದೆ. ಅದನ್ನ ಓದಿ ಭಾಳ ಮಂದಿ 'ನನಗೂ ಅದ ಆಗೇದ, ಎದಿ ತೊಟ್ಟು ನೋಯ್ತಾವ, ಯಾವ ಮುಲಾಮು ಹಚ್ಚಲಿ' ಅಂತ ಕೇಳ್ಯಾರ. ಪತ್ರ ಪೂರ್ತಿ ಓದಿದ್ರ ಅದರಾಗ ಹೆಚ್ಚಿನವ್ರಿಗೆ ಆಗಿದ್ದು ಥ್ರಷ್ ಅಲ್ಲವ ಅಲ್ಲ. ಈಗ ಮೊಬೈಲಿನ್ಯಾಗ ಒಂದ ನಿಮಿಷದ ವಿಡಿಯೋ ನೋಡೂದು, ಔಷಧ ಅಂಗಡಿಗೆ ಹೋಗಿ ಟ್ಯೂಬ್ ತರೂದು, ಹಿಂಗ ನಡದದ. ಅದಕ್ಕ ಈ ಸಲ ಇದೊಂದ ವಿಷಯದ ಪ್ರಶ್ನೆ ತಗೊಂಡೇನಿ. ನಾ ಯಾರಿಗೇ ಆಗಲಿ ಮೊದಲ ಕೇಳೂದು ಇಷ್ಟ: ನೋವು ಯಾವಾಗ ಸುರು ಆತು, ಕೂಸು ಬಾಯಿ ಹಾಕಿದಾಗ ನೋಯ್ತದೋ ಬಿಟ್ಟ ಮ್ಯಾಲೋ, ಒಂದ ಕಡೆನೋ ಎರಡೂ ಕಡೆನೋ. ಇದಕ್ಕ ಸರಿಯಾಗಿ ಉತ್ತರ ಸಿಕ್ರ ಅರ್ಧ ಕೆಲಸ ಆದಂಗ.

ಪ್ರಶ್ನೆ: ಅಕ್ಕಾರ, ನನಗ ಸಿಜರಿನ್ ಆಗಿ ಏಳು ವಾರ ಆತು. ಮೊದಲ ಐದು ವಾರ ಏನೂ ತ್ರಾಸ ಇರ್ಲಿಲ್ಲ, ಕೂಸು ಚಲೋ ಕುಡೀತಿತ್ತು. ನಡುವ ಹೊಲಿಗಿ ಹಾಕಿದ್ದ ಜಾಗಾ ಹಸಿ ಐತಿ ಅಂತ ಆಂಟಿಬಯೋಟಿಕ್ ಕೊಟ್ಟಿದ್ರು. ಈಗ ಎರಡೂ ಎದಿ ತೊಟ್ಟು ಉರೀತಾವ, ಕೂಸು ಬಿಟ್ಟ ಮ್ಯಾಲ ಇನ್ನೂ ಜಾಸ್ತಿ, ಸೂಜಿ ಚುಚ್ಚಿದಂಗ ಒಳಗಿನ ತನಕ ಹೋಗ್ತೈತಿ, ಅರ್ಧ ತಾಸು ಹಂಗ ಇರ್ತೈತಿ. ಕೂಸಿನ ನಾಲಿಗಿ ಮ್ಯಾಲ, ಗಲ್ಲದ ಒಳಗ ಬೆಳ್ಳಗ ಆಗೇತಿ, ತೊಡಿ ಸಂದಿಯೊಳಗ ಕೆಂಪಗ ಗುಳ್ಳಿ ಎದ್ದಾವ. ಮಕ್ಕಳ ಡಾಕ್ಟರ್ ಕೂಸಿನ ಬಾಯಿಗೆ ಹಚ್ಚೂ ಔಷಧ ಕೊಟ್ರು, ಕಡಿಮಿ ಆತು, ಬಿಟ್ಟ ಕೂಡಲೆ ಮತ್ತ ಬಂತು. ನಮ್ಮ ಅತ್ತಿ ಎದಿ ಹಾಲು ಬಿಡಿಸಿ ಡಬ್ಬಿ ಹಾಲು ಹಾಕು ಅಂತಾರ. ಫ್ರೀಜರಿನ್ಯಾಗ ತಗದಿಟ್ಟ ಹಾಲೂ ಐತಿ, ಅದನ್ನ ಚೆಲ್ಲಬೇಕೇನ್ರಿ? (ಹೆಸರು ಬ್ಯಾಡ, ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ತಂಗಿ, ಈ ಸಲ ಬಂದ ಪತ್ರದೊಳಗ ಖರೇನ ಥ್ರಷ್ ಇರಬೇಕು ಅನ್ನಿಸಿದ್ದು ನಿಮ್ಮದು. ಯಾಕಂದ್ರ ನೀವು ಬರದ ಒಂದೊಂದು ಮಾತೂ ಅದಕ್ಕ ಕೂಡತದ. ಮೊದಲ ಕೆಲವು ವಾರ ನೋವಿಲ್ಲದಂಗ ಕುಡಿಸಿದ್ದೀರಿ, ಆಮ್ಯಾಲ ಒಮ್ಮಿಂದೊಮ್ಮೆಲೆ ಎರಡೂ ಕಡೆ ಸುರು ಆಗೇದ, ಕೂಸು ಬಿಟ್ಟ ಮ್ಯಾಲ ಉರಿ ಹೆಚ್ಚಾಗ್ತದ, ನಡುವ ಆಂಟಿಬಯೋಟಿಕ್ ತಗೊಂಡೀರಿ, ಕೂಸಿನ ಬಾಯಾಗೂ ಅದ, ಡೈಪರ್ ಜಾಗಾದಾಗೂ ಅದ.

ಈ ಫಂಗಸ್‌ಗೆ ಕ್ಯಾಂಡಿಡಾ ಅಂತಾರ. ಇದು ಎಲ್ಲಿಂದೋ ಹೊರಗಿಂದ ಬಂದದ್ದಲ್ಲ, ನಮ್ಮೆಲ್ಲರ ಬಾಯಾಗ, ಹೊಟ್ಟ್ಯಾಗ, ಚರ್ಮದ ಮ್ಯಾಲ ಸುಮ್ಮನ ಇರ್ತದ. ಅದನ್ನ ಹದ್ದಬಸ್ತಿನ್ಯಾಗ ಇಡೂದು ಅಲ್ಲೇ ಇರೂ ಒಳ್ಳೆ ಬ್ಯಾಕ್ಟೀರಿಯಾ. ಆಂಟಿಬಯೋಟಿಕ್ ಗುಳಿಗಿ ಕೆಟ್ಟ ಬ್ಯಾಕ್ಟೀರಿಯಾ ಜೊತಿಗೆ ಈ ಒಳ್ಳೇವನ್ನೂ ಕೊಲ್ಲತದ, ಆಗ ಕ್ಯಾಂಡಿಡಾಕ್ಕ ಜಾಗಾ ಸಿಗ್ತದ. ಕೂಸಿನ ಬಾಯಿ ಬೆಚ್ಚಗ, ಹಸಿ, ಹಾಲಿನ ಸಿಹಿ ಬ್ಯಾರೆ, ಅದಕ್ಕ ಇನ್ನೇನ ಬೇಕು. ಹಂಗಂತ ಆಂಟಿಬಯೋಟಿಕ್ ತಗೊಂಡಿದ್ದು ತಪ್ಪು ಅಂತಲ್ಲ, ಹೊಲಿಗಿ ಹಸಿ ಇದ್ರ ತಗೊಳ್ಳಾಕ ಬೇಕು. ಶುಗರ್ ಇರೂ ತಾಯಂದಿರಿಗೆ, ಬಸುರಿನ್ಯಾಗ ಬಿಳಿ ಹೋಗಿ ತುರಿಕಿ ಆದವ್ರಿಗೆ ಇದು ಬರೂ ಸಾಧ್ಯತಾ ಜಾಸ್ತಿ. ನಿಮಗ ಈಗ ಕೆಳಗೂ ತುರಿಕಿ ಇದ್ರ ನಾಚಿಕೊಳ್ಳದ ಡಾಕ್ಟರಿಗೆ ಹೇಳ್ರಿ, ಅದಕ್ಕೂ ಔಷಧ ಜೊತಿಗೇ ಆಗಬೇಕು.

ಇನ್ನ ಯಾಕ ಹೋಗಿ ಹೋಗಿ ಬರ್ತದ ಅಂದ್ರ, ಔಷಧ ಬರೇ ಕೂಸಿಗೆ ಆತು, ನಿಮಗ ಆಗ್ಲಿಲ್ಲ. ಕೂಸಿನ ಬಾಯಿಂದ ತೊಟ್ಟಿಗೆ, ತೊಟ್ಟಿನಿಂದ ಮತ್ತ ಬಾಯಿಗೆ, ಹಿಂಗ ಅದು ತಿರಗತಾನ ಇರ್ತದ. ಮಕ್ಕಳ ಡಾಕ್ಟರ್ ಕೂಸನ್ನ ನೋಡ್ತಾರ, ಹೆರಿಗಿ ಡಾಕ್ಟರ್ ಬಾಯಾರು ನಿಮ್ಮನ್ನ ನೋಡ್ತಾರ, ಇಬ್ಬರ ಚೀಟಿ ಒಂದಕ್ಕೊಂದು ಭೇಟಿ ಆಗೂದ ಇಲ್ಲ. ಅದಕ್ಕ ನೀವ ಬಾಯಿ ಬಿಟ್ಟು ಹೇಳಬೇಕು: ನನಗೂ ನೋವು ಅದ, ಇಬ್ಬರಿಗೂ ಕೂಡೇ ಔಷಧ ಕೊಡ್ರಿ ಅಂತ.

ಸಾಮಾನ್ಯವಾಗಿ ಕೂಸಿಗೆ ನಿಸ್ಟಾಟಿನ್ ಹನಿ ಇಲ್ಲಾ ಕ್ಲೋಟ್ರಿಮಾಜೋಲ್ ಮೌತ್ ಪೇಂಟ್ ಬರೀತಾರ, ತಾಯಿಗೆ ಮೈಕೋನಾಜೋಲ್ ಇಲ್ಲಾ ಕ್ಲೋಟ್ರಿಮಾಜೋಲ್ ಕ್ರೀಮ್. ಕೂಸಿನ ಔಷಧ ಹಾಲ ಕುಡಿಸಿದ ಮ್ಯಾಲ ಹಾಕೂದು, ಮೊದಲ ಹಾಕಿದ್ರ ಹಾಲಿನ ಜೊತಿ ಗುಳಕ್ಕನ ಹೊಟ್ಟಿಗೆ ಹೋಗ್ತದ. ಕೈ ಸಾಬಣ ಹಚ್ಚಿ ತೊಳಕೊಂಡು ಬೆರಳ ತುದಿಗೆ ಸ್ವಲ್ಪ ತಗೊಂಡು ನಾಲಿಗಿ ಮ್ಯಾಲ, ಗಲ್ಲದ ಒಳಗ, ತುಟಿ ಒಳಗ ಬೆಳ್ಳಗ ಇದ್ದಲ್ಲೆಲ್ಲ ಸವರ್ರಿ. ಜೆಲ್ ಕೊಟ್ಟಿದ್ರ ಚಮಚಾದಾಗ ತಗೊಂಡು ಬಾಯಾಗ ಸುರೀಬ್ಯಾಡ್ರಿ, ಸಣ್ಣ ಕೂಸಿನ ಗಂಟಲದಾಗ ಜೆಲ್ ಸಿಕ್ಕೊಂಡು ಉಸರ ಕಟ್ಟತದ, ಇದು ಖರೇನ ಆಗೂ ಮಾತು. ನಾಕ ತಿಂಗಳ ಒಳಗಿನ ಕೂಸಿಗೆ ಜೆಲ್ ಬಗ್ಗೆ ಡಾಕ್ಟರನ್ನ ಒಮ್ಮೆ ಕೇಳಿನ ಹಾಕ್ರಿ. ನಿಮ್ಮ ಕ್ರೀಮೂ ಹಂಗ, ಕುಡಿಸಿ ಆದ ಮ್ಯಾಲ ತೆಳ್ಳಗ ಹಚ್ಚೂದು, ಮುಂದಿನ ಸಲ ಕುಡಸೂ ಹೊತ್ತಿಗೆ ಕಣ್ಣಿಗೆ ಕಾಣಸೂವಷ್ಟು ಉಳದಿದ್ರ ಮೆತ್ತನ ಅರಿವಿಲೆ ಒರಸೂದು. ಸಾಬಣ ಹಚ್ಚಿ ತಿಕ್ಕಿ ತೊಳೀಬ್ಯಾಡ್ರಿ, ಚರ್ಮ ಒಣಗಿ ಇನ್ನೂ ಸೀಳತದ. ಬೆಳ್ಳಗ ಇದ್ದದ್ದು ಹೋತು ಅಂತ ಎರಡನೇ ದಿನಕ್ಕ ಔಷಧ ನಿಲ್ಲಸಬ್ಯಾಡ್ರಿ, ಡಾಕ್ಟರ್ ಹೇಳಿದಷ್ಟು ದಿನ ಇಬ್ಬರೂ ಪೂರ್ತಿ ಮಾಡ್ರಿ, ನಿಮ್ಮ ಮನ್ಯಾಗ ತಿರಗಿ ಬಂದದ್ದಕ್ಕ ಇದೂ ಒಂದ ಕಾರಣ ಇರಬಹುದು. ಮುಲಾಮಿಗೆ ಬಗ್ಗಲಿಲ್ಲ ಅಂದ್ರ ತಾಯಿಗೆ ಫ್ಲೂಕೋನಾಜೋಲ್ ಗುಳಿಗಿ ಕೊಡ್ತಾರ, ಹಾಲ ಕುಡಸೂ ತಾಯಿ ತಗೋಬಹುದು, ಆದ್ರ ಅದು ಡಾಕ್ಟರ್ ಬರದು ಕೊಡೂ ಗುಳಿಗಿ, ಬಾಜೂಮನಿ ಅಕ್ಕನ ಹತ್ರ ಉಳದದ್ದು ಇಸ್ಕೊಂಡು ನುಂಗೂದಲ್ಲ.

ಮನಿ ಕೆಲಸ ಅಂದ್ರ ಇಷ್ಟ. ಕೂಸು ಬಾಯಾಗ ಹಾಕೂ ಚೂಸನಿ, ಬಾಟಲಿ ನಿಪ್ಪಲ್, ಪಂಪಿನ ಭಾಗ, ಯಾವ್ಯಾವು ಕುದಿಸೂ ಸಾಮಾನೋ ಅವನ್ನ ದಿನಾ ಕುದಸ್ರಿ. ಎದಿಗೆ ಇಟ್ಟುಕೊಳ್ಳೂ ಪ್ಯಾಡ್, ಅರಿವಿ ಹಸಿ ಆದ ಕೂಡಲೆ ಬದಲ ಮಾಡ್ರಿ. ಅರಿವಿ ಬಿಸಿನೀರಿನ್ಯಾಗ ಒಗದು ಬಿಸಲಿಗೆ ಹಾಕ್ರಿ ಅಂತ ಹೇಳೂದು ಸಲೀಸು, ಆಷಾಢದಾಗ ಹುಬ್ಬಳ್ಳಿ-ಧಾರವಾಡದ ಜಿಟಿಜಿಟಿ ಮಳಿಯೊಳಗ ಬಿಸಲು ಎಲ್ಲಿಂದ ತರೂದು, ಲಂಗೋಟಿ ಮೂರ ದಿನ ಆದ್ರೂ ಒಣಗೂದಿಲ್ಲ. ಹಂಗಿದ್ದಾಗ ಇಸ್ತ್ರಿ ಮಾಡ್ರಿ, ಒಳಗ ಸ್ವಲ್ಪ ಹಸಿ ಇದ್ದದ್ದನ್ನ ಮಾತ್ರ ಕೂಸಿಗೆ ಕಟ್ಟಬ್ಯಾಡ್ರಿ.

ಅತ್ತಿಯವರಿಗೆ ಹೇಳ್ರಿ, ಹಾಲು ಬಿಡಸೂ ಕಾರಣ ಇಲ್ಲ. ಥ್ರಷ್ ಇದ್ದಾಗ ಕುಡಿಸಿದ್ರ ಕೂಸಿಗೆ ಏನೂ ಆಗೂದಿಲ್ಲ, ಒಮ್ಮೆಲೆ ಬಿಡಿಸಿದ್ರ ನಿಮ್ಮ ಎದಿ ಗಟ್ಟಿಯಾಗಿ ಬ್ಯಾರೆ ತ್ರಾಸ ಸುರು ಆಗ್ತದ. ಭಾಳ ನೋವಿದ್ರ ಪ್ಯಾರಾಸಿಟಮಾಲ್ ತಗೋಬಹುದು. ತಗದಿಟ್ಟ ಹಾಲು ಚೆಲ್ಲಬ್ಯಾಡ್ರಿ, ಅಷ್ಟು ಕಷ್ಟಪಟ್ಟು ತಗದದ್ದು. ಫ್ರೀಜ್ ಮಾಡಿದ್ರ ಫಂಗಸ್ ಸಾಯೂದಿಲ್ಲ ಅನ್ನೂದು ಖರೆ, ಅದಕ್ಕ ಇಬ್ಬರಿಗೂ ಔಷಧ ನಡದಿರೂವಾಗನ ಅದನ್ನ ಕುಡಿಸಿ ಮುಗಸ್ರಿ.

ಒಂದ ವಾರ ಹತ್ತು ದಿನ ಇಬ್ಬರಿಗೂ ಸರಿಯಾಗಿ ಔಷಧ ಆದ ಮ್ಯಾಲೂ ನಿಮ್ಮ ನೋವು ಇದ್ದಂಗ ಇದ್ರ, ಎರಡನೇ ಟ್ಯೂಬ್, ಮೂರನೇ ಟ್ಯೂಬ್ ಅಂತ ಹೋಗಬ್ಯಾಡ್ರಿ, ಕಾರಣ ಬ್ಯಾರೆ ಇರಬಹುದು. ಎದಿ ಒಳಗಿನ ನೋವಿಗೆಲ್ಲ ಫಂಗಸ್ಸ ಕಾರಣ ಅನ್ನೂದರ ಬಗ್ಗೆ ಈ ಕ್ಷೇತ್ರದ ತಜ್ಞರೊಳಗ ಈಗ ದೊಡ್ಡ ವಾದ ನಡದದ, ಮೊದಲಿನಂಗ ಕಣ್ಣು ಮುಚ್ಚಿ ಯಾರೂ ಒಪ್ಪೂದಿಲ್ಲ.

ಪ್ರಶ್ನೆ: ನಮಸ್ಕಾರ್ರಿ. ನನ್ನ ಮಗಳು ಚೊಚ್ಚಲ ಹೆರಿಗಿಗೆ ಬಂದಾಳ, ಹಡದು ಎಂಟ ದಿನ ಆತು. ಎರಡೂ ಎದಿ ತೊಟ್ಟು ಸೀಳಿ ರಕ್ತ ಬರ್ತೈತಿ. ಕೂಸು ಬಾಯಿ ಹಾಕಿದ ಕೂಡಲೆ ಹಲ್ಲು ಕಚ್ಚಿ ಅಳತಾಳ, ನೋಡಾಕ ಆಗವಲ್ದು. ಓಣ್ಯಾಗ ಒಬ್ಬಾಕಿ ಇದು ಫಂಗಸ್ ಅಂದ್ಳು, ಅಂಗಡಿಯಾಂವ ಒಂದ ಟ್ಯೂಬ್ ಕೊಟ್ಟಾನ, ಹಚ್ಚೂದೋ ಬಿಡೂದೋ? ಕೂಸಿನ ನಾಲಿಗಿನೂ ಬೆಳ್ಳಗ ಐತಿ. ಹಾಲು ಸಾಲವಲ್ದೇನೋ ಅಂತ ಬಾಟಲಿ ತಂದೀವಿ. (ಒಬ್ಬ ತಾಯಿ, ಬೆಟಗೇರಿ, ಗದಗ)

ಉತ್ತರ: ಅಕ್ಕಾ, ಟ್ಯೂಬ್ ಬದಿಗಿಡ್ರಿ, ಬಾಟಲಿನೂ ಬದಿಗಿಡ್ರಿ. ಎಂಟು ದಿನದ ಬಾಣಂತಿಗೆ ಕೂಸು ಬಾಯಿ ಹಾಕಿದ ಕೂಡಲೆ ಪ್ರಾಣ ಹೋದಂಗ ಆಗಿ, ತೊಟ್ಟು ಸೀಳಿದ್ರ, ಅದು ಬಹುತೇಕ ಕೂಸು ಬಾಯಿ ಹಿಡಿಯೂ ರೀತಿ ಸರಿ ಇಲ್ಲದ್ದಕ್ಕ. ಹಾಲ ಕುಡಸುವಾಗಿನ ನೋವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಇದು, ಫಂಗಸ್ ಅಲ್ಲ. ಮೊದಮೊದಲು ಕೂಸು ಬಾಯಿ ಹಾಕಿದಾಗ ಅರ್ಧ ನಿಮಿಷ ಚುರ್ರ ಅನ್ನೂದು ಇರ್ತದ, ಅದು ಅಲ್ಲೇ ಇಳೀಬೇಕು. ಕುಡದು ಮುಗಸೂ ತನಕ ನೋಯೂದು, ರಕ್ತ ಬರೂದು, ಇದನ್ನ 'ಮೊದಲ ಹಂಗ ಇರ್ತೈತಿ, ತಡಕೋ' ಅಂತ ಬಿಡೂದಲ್ಲ.

ನೀವ ನೋಡಿ ತಿಳಕೋಬಹುದು. ಕೂಸು ಕುಡದು ಬಿಟ್ಟ ಗಳಿಗಿಗೇ ತೊಟ್ಟಿನ ಆಕಾರ ನೋಡ್ರಿ. ಹೊಸಾ ಲಿಪ್‌ಸ್ಟಿಕ್ಕಿನ ತುದಿ ಹೆಂಗ ಒಂದ ಕಡೆ ಓರಿಯಾಗಿ ಚಪ್ಪಟಿ ಇರ್ತದ, ಹಂಗ ಆಗಿ ಹೊರಗ ಬಂದಿದ್ರ, ತುದಿಗೆ ಬಿಳೀ ಗೆರಿ ಮೂಡಿದ್ರ, ಕೂಸು ಬರೇ ತೊಟ್ಟನ್ನ ಹಿಡದು ಅಂಗುಳಕ್ಕೂ ನಾಲಿಗಿಗೂ ನಡುವ ಅರೀಲಿಕ್ಕತ್ತದ ಅಂತ ಅರ್ಥ. ಸರಿಯಾಗಿ ಹಿಡದಿದ್ರ ತೊಟ್ಟು ಒಳಗ ಹೋದ ಆಕಾರದಾಗ ಹೊರಗ ಬರ್ತದ, ಸ್ವಲ್ಪ ಉದ್ದ ಆಗಿರ್ತದ ಅಷ್ಟ.

ಈಗ ಮಗಳನ್ನ ಹೊರಸಿನ ಮ್ಯಾಲ ಬೆನ್ನಿಗೆ ದಿಂಬು ಕೊಟ್ಟು ಕೂಡಸ್ರಿ, ತೊಡಿ ಮ್ಯಾಲ ಇನ್ನೊಂದ ದಿಂಬು. ನಮ್ಮ ಕಡೆ ಬಾಣಂತಿ ಮುಂದ ಬಗ್ಗಿ ಎದಿನ್ನ ಕೂಸಿನ ಬಾಯಿಗೆ ತುರುಕೂದು ಭಾಳ, ಅದರಿಂದನ ಬೆನ್ನೂ ನೋಯ್ತದ, ತೊಟ್ಟೂ ನೋಯ್ತದ. ಎದಿ ಅಲ್ಲೇ ಇರ್ಲಿ, ಕೂಸನ್ನ ಎದಿ ಹತ್ರ ತರಬೇಕು. ಕುಂಚಗಿ, ದುಪ್ಪಟ್ಟಿ ಎಲ್ಲಾ ಸುತ್ತಿ ಗಂಟು ಕಟ್ಟಿದಂಗ ಮಾಡಿದ್ರ ಕೂಸಿನ ಹೊಟ್ಟಿ ತಾಯಿ ಹೊಟ್ಟಿಗೆ ಹತ್ತೂದಿಲ್ಲ, ಕುಡಸೂ ಹೊತ್ತಿಗೆ ಅಷ್ಟು ಬಿಚ್ಚಿರ್ರಿ. ಕೂಸಿನ ಕಿವಿ, ಭುಜ, ಟೊಂಕ ಒಂದ ಸಾಲಿನ್ಯಾಗ ಇರ್ಲಿ, ಮೂಗು ತೊಟ್ಟಿನ ಎದುರಿಗೆ. ತೊಟ್ಟಿನಿಂದ ಮ್ಯಾಲಿನ ತುಟಿ ಸವರ್ರಿ, ಕೂಸು ಆಕಳಿಸಿದಂಗ ದೊಡ್ಡ ಬಾಯಿ ತಗೀತದ, ತಗೀಲಿಲ್ಲ ಅಂದ್ರ ಕಾಯ್ರಿ, ಅರ್ಧ ಬಾಯಿಗೆ ಅವಸರ ಮಾಡಬ್ಯಾಡ್ರಿ. ತಗದ ಕೂಡಲೆ ಬೆನ್ನಿಗೆ ಕೈ ಕೊಟ್ಟು ಲಗೂನ ಎದಿಗೆ ತರೂದು, ಗದ್ದ ಮೊದಲ ಎದಿಗೆ ಹತ್ತಬೇಕು. ತೊಟ್ಟಿನ ಸುತ್ತ ಇರೂ ಕರೀ ಭಾಗ ಕೆಳಗಿಂದು ಹೆಚ್ಚು ಬಾಯೊಳಗ ಹೋಗಬೇಕು, ಮ್ಯಾಲಿಂದು ಸ್ವಲ್ಪ ಕಾಣಸತಿರಬೇಕು, ಕೆಳತುಟಿ ಹೊರಗ ಮಡಚಿರಬೇಕು. ನುಂಗೂ ಸಪ್ಪಳ ಕೇಳಸ್ತದ. ನೋವು ನಿಲ್ಲಲಿಲ್ಲ ಅಂದ್ರ ಎಳದು ಬಿಡಸಬ್ಯಾಡ್ರಿ, ಕಿರಿಬೆರಳು ಬಾಯಿ ಮೂಲಿಯೊಳಗ ಹಾಕಿ ಗಾಳಿ ಬಿಡಿಸಿ ತಗೀರಿ, ಮತ್ತೊಮ್ಮೆ ಹಚ್ಚರಿ. ಒಂದ ದಿನದಾಗ ಬರೂ ವಿದ್ಯಾ ಅಲ್ಲ, ತಾಯಿಗೂ ಹೊಸದು ಕೂಸಿಗೂ ಹೊಸದು.

ಸೀಳಿದ್ದಕ್ಕ ಕುಡಿಸಿ ಆದ ಮ್ಯಾಲ ತನ್ನದ ಹಾಲು ಎರಡ ಹನಿ ಹಿಂಡಿ ಸವರಿ ಗಾಳಿಗೆ ಆರಲಿಕ್ಕೆ ಬಿಡಬಹುದು, ಲ್ಯಾನೋಲಿನ್ ಮುಲಾಮು ಸಿಕ್ರ ಅದನ್ನ ಹಚ್ಚಬಹುದು. ಕಾರಣ ಸರಿಯಾದ್ರ ಗಾಯ ತಾನ ಮಾಯ್ತದ. ಸೀಳಿದಲ್ಲಿ ಹಳದಿ ಹಕ್ಕಳಿ ಕಟ್ಟಿ ಕೀವಿನಂಗ ಆದ್ರ ಅದು ಬ್ಯಾಕ್ಟೀರಿಯಾ, ಅದಕ್ಕ ಡಾಕ್ಟರ್ ಬ್ಯಾರೆ ಮುಲಾಮು ಕೊಡಬೇಕು.

ಕೂಸಿನ ನಾಲಿಗಿ ಬೆಳ್ಳಗ ಇರೂದಕ್ಕ ಹೆದರಬ್ಯಾಡ್ರಿ. ಬರೇ ನಾಲಿಗಿ ಮ್ಯಾಲ ತೆಳ್ಳಗ ಇದ್ರ ಅದು ಹಾಲಿನ ಪದರ. ಮೆತ್ತನ ಹಸಿ ಅರಿವಿಲೆ ಹಗೂರಕ ಸವರಿದ್ರ ಹಾಲು ಹೋಗ್ತದ, ಥ್ರಷ್ ಹೋಗೂದಿಲ್ಲ, ಥ್ರಷ್ ಆದ್ರ ಗಲ್ಲದ ಒಳಗ, ತುಟಿ ಒಳಗೂ ಮೊಸರಿನ ಗಡ್ಡಿ ಹತ್ತಿದಂಗ ಕಾಣಸ್ತದ, ಒತ್ತಿ ತಗದ್ರ ಕೆಳಗ ಕೆಂಪಗಾಗಿ ರಕ್ತ ಬರ್ತದ. ಅದಕ್ಕ ಒತ್ತಿ ತಗೀಬ್ಯಾಡ್ರಿ ಅನ್ನೂದು.

ಇನ್ನ ಆ ಟ್ಯೂಬ್. ಡಬ್ಬಿ ಮ್ಯಾಲಿನ ಸಣ್ಣ ಅಕ್ಷರ ಯಾರರ ಕಡಿಂದ ಓದಸ್ರಿ. ಕ್ಲೋಬೆಟಾಸೋಲ್, ಬೀಟಾಮೆಥಾಸೋನ್ ಅಂತ ಇದ್ರ ಅದರಾಗ ಸ್ಟಿರಾಯ್ಡ್ ಅದ. ಫಂಗಸ್ಸಿಗೂ ಅದ, ಬ್ಯಾಕ್ಟೀರಿಯಾಕ್ಕೂ ಅದ, ತುರಿಕಿಗೂ ಅದ ಅಂತ ಮೂರ್ನಾಕು ಔಷಧ ಒಂದ ಟ್ಯೂಬಿನ್ಯಾಗ ತುಂಬಿರ್ತಾರ. ಸ್ಟಿರಾಯ್ಡ್ ಹಚ್ಚಿದ ಮೊದಲ ಎರಡ ದಿನ ಉರಿ ಇಳದು ಭಾಳ ಚಲೋ ಅನ್ನಸ್ತದ, ಆಮ್ಯಾಲ ಚರ್ಮ ತೆಳ್ಳಗಾಗ್ತದ, ಫಂಗಸ್ ಇದ್ರ ಅದು ಇನ್ನೂ ಹಬ್ಬತದ, ಕೂಸಿನ ಬಾಯಿಗೆ ಹೋಗೂದು ಬ್ಯಾರೆ. 2018ರಾಗ ಕೇಂದ್ರ ಸರ್ಕಾರ ಇಂಥಾ ಸ್ಟಿರಾಯ್ಡ್ ಕ್ರೀಮುಗೋಳನ್ನ ಡಾಕ್ಟರ್ ಚೀಟಿ ಇಲ್ಲದ ಮಾರಬಾರದು ಅಂತ ಮಾಡೇದ. ಮಾರೂದಂತೂ ನಿಂತಿಲ್ಲ.

ನಿಮ್ಮ ಓಣಿ ಆಶಾ ಕಾರ್ಯಕರ್ತಿಯನ್ನ ಕರಸ್ರಿ. ದವಾಖಾನಿಯೊಳಗ ಹೆರಿಗಿ ಆದವ್ರ ಮನಿಗೆ 3, 7, 14, 21, 28, 42ನೇ ದಿನಕ್ಕ ಅವ್ರು ಬರಬೇಕು ಅಂತ ನಿಯಮನ ಅದ, ಬಂದಾಗ ಕೂಸಿನ ತೂಕ ನೋಡಿ ಹೊರಡಾಕ ಬಿಡಬ್ಯಾಡ್ರಿ, ಎದುರಿಗೆ ಕೂಡಿಸಿಕೊಂಡು ಒಮ್ಮೆ ಹಾಲ ಕುಡಿಸಿ ತೋರಸ್ರಿ. ಹಿಡಿಯೂ ರೀತಿ ಸರಿ ಮಾಡಿದ್ರೂ ನೋವು ಹೋಗಲಿಲ್ಲಂದ್ರ ಕೂಸಿನ ನಾಲಿಗಿ ಕೆಳಗಿನ ಪೊರಿ ಗಿಡ್ಡ ಅದ ಏನು ಅಂತ ಮಕ್ಕಳ ಡಾಕ್ಟರ್ ನೋಡಬೇಕು. ಕೂಸು ದಿನಕ್ಕ ಆರು ಸಲಕ್ಕಿಂತ ಹೆಚ್ಚು ಉಚ್ಚಿ ಹೊಯ್ದು, ತೂಕ ಏರತಿದ್ರ ಹಾಲು ಸಾಲತದ, ಅತ್ತ ಕೂಡಲೆ ಹಾಲು ಕಡಿಮಿ ಅಂತ ತಿಳೀಬ್ಯಾಡ್ರಿ. ಸಬ್ಬಸಗಿ ಪಲ್ಯ, ಅಂಟಿನ ಉಂಡಿ ಮಗಳಿಗೆ ಹಾಕ್ರಿ, ಅದು ಬ್ಯಾಡ ಅನ್ನೂದಿಲ್ಲ, ಆದ್ರ ಹಾಲು ಬರೂದು ಕೂಸು ಎಷ್ಟು ಸಲ ಎಷ್ಟು ಚಂದ ಕುಡೀತದ ಅನ್ನೂದರ ಮ್ಯಾಲ.

ಪ್ರಶ್ನೆ: ಮೇಡಂ, ನಾನು ಗಂಡಸು ಬರಿಯಾಕತ್ತೇನಿ ಅಂತ ತಪ್ಪು ತಿಳೀಬ್ಯಾಡ್ರಿ. ನನ್ನ ಹೆಂಡತಿಗೆ ಹಾಲು ಕುಡಿಸಿದ ಮ್ಯಾಲ ತೊಟ್ಟು ಬೆಳ್ಳಗ ಸುಣ್ಣ ಹಚ್ಚಿದಂಗ ಆಗ್ತಾವ, ಆಮ್ಯಾಲ ನೀಲಿ, ಆಮ್ಯಾಲ ಕೆಂಪು. ಆ ಹೊತ್ತಿಗೆ ಉರಿ ತಡಕೊಳ್ಳಾಕ ಆಗೂದಿಲ್ಲ. ಜಳಕಾ ಮಾಡಿ ಹೊರಗ ಬಂದಾಗೂ ಹಂಗ ಆಗ್ತೈತಿ. ಫಂಗಸ್ ಅಂತ ಎರಡು ಟ್ಯೂಬ್ ಖಾಲಿ ಮಾಡೀವಿ. ಕೂಸಿನ ಬಾಯಿ ಸ್ವಚ್ಛ ಐತಿ. (ರಾಣೆಬೆನ್ನೂರು)

ಉತ್ತರ: ತಪ್ಪೇನು ತಿಳಿಯೂದು, ಇಷ್ಟು ಬರೋಬರಿ ನೋಡಿ ಬರದೀರಿ, ಬಣ್ಣ ಬದಲಾಗೂದನ್ನ ಭಾಳ ಮಂದಿ ತಾಯಂದಿರೂ ಗಮನಿಸಿರೂದಿಲ್ಲ. ಇದು ಫಂಗಸ್ ಅಲ್ಲ, ತೊಟ್ಟಿಗೆ ಹೋಗೂ ಸಣ್ಣ ರಕ್ತನಾಳ ಥಂಡಿಗೋ ಒತ್ತಡಕ್ಕೋ ಒಮ್ಮೆಲೆ ಸಂಕೋಚ ಆಗೂದು, ಡಾಕ್ಟರ್ ವಾಸೋಸ್ಪಾಸಂ ಅಂತಾರ. ರಕ್ತ ನಿಂತಾಗ ಬೆಳ್ಳಗ, ತಿರಗಿ ಬಂದಾಗ ಕೆಂಪಗ. ಕುಡಿಸಿದ ಮ್ಯಾಲ ಉರಿ ಬರೂದರಿಂದ ಥ್ರಷ್ ಅಂತ ತಪ್ಪು ತಿಳಿಯೂದು ಇಲ್ಲೇ ಹೆಚ್ಚು.

ಮಾಡೂದು ಏನಂದ್ರ, ಕೂಸು ಬಿಟ್ಟ ಕೂಡಲೆ ಎದಿ ಗಾಳಿಗೆ ಬಿಡಬಾರದು, ಮೊದಲ ಬೆಚ್ಚಗ ಇಟ್ಟುಕೊಂಡ ಒಣ ಅರಿವಿಲೆ ಮುಚ್ಚಬೇಕು. ಅಂದ್ರ ಸೀಳಿದವರಿಗೆ ಹೇಳಿದ 'ಗಾಳಿಗೆ ಬಿಡ್ರಿ' ಅನ್ನೂ ಸಲಹಾ ಇವ್ರಿಗೆ ಉಲ್ಟಾ. ಜಳಕಾ ಆದ ಕೂಡಲೆ ಬಚ್ಚಲದಾಗನ ಮೈ ಒರಸಿಕೊಂಡು ಸ್ವೆಟರ್ ಹಾಕೊಂಡು ಹೊರಗ ಬರ್ಲಿ, ಚಳಿಗಾಲದಾಗ ಬರೇ ಎದಿ ಅಲ್ಲ, ಪೂರ್ತಿ ಮೈ ಬೆಚ್ಚಗಿರಬೇಕು. ನಮ್ಮ ಕಡೆ ಬಾಣಂತಿಗೆ ಕಾಸೂ ಪದ್ಧತಿ ಅದ ಅಲ್ಲ, ಅದರ ಬೆಚ್ಚಗ ಚಲೋನ, ಬಾಗಲಾ ಕಿಟಕಿ ಮುಚ್ಚಿ ಕೆಂಡದ ಹೊಗಿ ತುಂಬೂದು ಮಾತ್ರ ತಾಯಿಗೂ ಕೂಸಿಗೂ ಅಪಾಯ. ಕಾಫಿ ಕಡಿಮಿ ಮಾಡ್ಲಿ, ಮನ್ಯಾಗ ಯಾರೂ ಬೀಡಿ ಸಿಗರೇಟ್ ಸೇದಬಾರದು. ಕೂಸು ಹಿಡಿಯೂ ರೀತಿನೂ ಒಮ್ಮೆ ನೋಡ್ರಿ, ತೊಟ್ಟು ಅರದ್ರ ಇದು ಹೆಚ್ಚಾಗ್ತದ, ಮ್ಯಾಲಿನ ಉತ್ತರ ಅವರಿಗೂ ಓದಿ ಹೇಳ್ರಿ. ಇಷ್ಟಕ್ಕ ಕಡಿಮಿ ಆಗ್ಲಿಲ್ಲಂದ್ರ ಡಾಕ್ಟರ್ ನಿಫೆಡಿಪಿನ್ ಅನ್ನೂ ಗುಳಿಗಿ ಕೊಡಬಹುದು, ಅದು ಬಿ.ಪಿ. ಇಳಸೂ ಗುಳಿಗಿ, ನೀವ ತಂದು ಕೊಡಬ್ಯಾಡ್ರಿ. ಮೂರನೇ ಟ್ಯೂಬ್ ಅಂತೂ ಬ್ಯಾಡವ ಬ್ಯಾಡ.

ಪ್ರಶ್ನೆ: ಮೊಮ್ಮಗನ ಬಾಯಾಗ ಥ್ರಷ್ ಅಂತ ಡಾಕ್ಟರ್ ಹೇಳ್ಯಾರ. ನಮ್ಮ ಕಾಲದಾಗ ಜೇನುತುಪ್ಪ ಹಚ್ಚತಿದ್ವಿ, ಇಲ್ಲಾ ಬಿಳಿಗಾರ ಹುರದು ಪುಡಿ ಮಾಡಿ ಸವರತಿದ್ವಿ, ನೀಲಿ ಔಷಧನೂ ಹಚ್ಚತಿದ್ರು. ಈಗಿನ ಹುಡುಗ್ಯಾರು ಯಾವುದಕ್ಕೂ ಒಪ್ಪವಲ್ರು. ತಪ್ಪೇನೈತಿ? (ಒಬ್ಬ ಆಯಿ, ನರಗುಂದ)

ಉತ್ತರ: ಆಯಿ, ಸಿಟ್ಟ ಮಾಡ್ಕೋಬ್ಯಾಡ್ರಿ, ಈ ಮಾತಿನ್ಯಾಗ ನಾ ಹುಡುಗ್ಯಾರ ಕಡೆ. ಒಂದ ವರ್ಷದ ಒಳಗಿನ ಕೂಸಿಗೆ ಜೇನುತುಪ್ಪ ಬ್ಯಾಡ, ತೇದ ಬಜಿ ಜೊತಿನೂ ಬ್ಯಾಡ, ಹುಟ್ಟಿದ ದಿನ ನಾಲಿಗಿಗೆ ಹಚ್ಚೂದೂ ಬ್ಯಾಡ. ಜೇನಿನ್ಯಾಗ ಬೊಟುಲಿಸಂ ತರೂ ಬ್ಯಾಕ್ಟೀರಿಯಾದ ಬೀಜ ಇರಬಹುದು, ದೊಡ್ಡವರ ಹೊಟ್ಟಿಗೆ ಅದು ಏನೂ ಮಾಡೂದಿಲ್ಲ, ಸಣ್ಣ ಕೂಸಿನ ಕೈಕಾಲು ಸೋತು ಉಸರಾಟಕ್ಕ ಬರ್ತದ. ಬಿಳಿಗಾರ ಕೂಸಿನ ಹೊಟ್ಟಿಗೆ ಹೋದ್ರ ವಿಷ. ನೀಲಿ ಔಷಧ, ಜೆನ್ಶನ್ ವಯೊಲೆಟ್, ಒಂದ ಕಾಲಕ್ಕ ಡಾಕ್ಟರೂ ಹಚ್ಚತಿದ್ರು ಅನ್ನೂದು ಖರೆ, ನೀವು ಹೇಳಿದ್ದು ಸುಳ್ಳಲ್ಲ. ಆದ್ರ ಅದು ಗಟ್ಟಿ ಇದ್ರ ಬಾಯಿ ಸುಟ್ಟು ಹುಣ್ಣ ಆಗ್ತದ, 2019ರಾಗ ಕೆನಡಾ ಸರ್ಕಾರದ ಆರೋಗ್ಯ ಇಲಾಖೆ ಕ್ಯಾನ್ಸರ್ ಭಯ ಅದ ಅಂತ ಎಚ್ಚರಿಕಿನೂ ಕೊಟ್ಟಿತು. ಈಗ ಅದಕ್ಕಿಂತ ಚಲೋ ಔಷಧ ಇರೂವಾಗ ಅದ್ಯಾಕ. ನಿಮ್ಮ ಕೈಯಾಗ ಮಾಡೂ ಕೆಲಸ ಬ್ಯಾರೆ ಭಾಳ ಅದ: ಕೂಸಿನ ಅರಿವಿ ಒಣಗಸೂದು, ಚೂಸನಿ ಕುದಸೂದು, ಸೊಸಿಗೆ ರಾತ್ರಿ ಎರಡ ತಾಸು ನಿದ್ದಿ ಸಿಗೂವಂಗ ಮಾಡೂದು.

ಪ್ರಶ್ನೆ: ನಾನು ಶಾಲಿ ಟೀಚರ್. ಕೂಸಿಗೆ ಏಳು ತಿಂಗಳು. ನಿನ್ನೆಯಿಂದ ಎಡಗಡೆ ಎದಿ ಮಾತ್ರ ಒಂದ ಕಡೆ ಗಟ್ಟಿಯಾಗಿ ಕೆಂಪಾಗೇದ, ಜ್ವರ 101, ಮೈ ನಡುಗತದ. ಇದೂ ಥ್ರಷ್ಷಾ? ಅವ್ವ ಎಣ್ಣಿ ಹಚ್ಚಿ ಜೋರಾಗಿ ತಿಕ್ಕಿ ಬಿಸಿ ಶಾಖ ಕೊಟ್ಲು, ಇನ್ನೂ ಜಾಸ್ತಿ ಆತು. (ಸಪ್ತಾಪುರ, ಧಾರವಾಡ)

ಉತ್ತರ: ಅಲ್ಲ. ಥ್ರಷ್ಷಿಗೆ ಹಿಂಗ ಜ್ವರ ಬರೂದಿಲ್ಲ, ಎದಿ ಗಟ್ಟಿಯಾಗೂದೂ ಇಲ್ಲ. ಇದು ಎದಿ ಬಾವು, ಮ್ಯಾಸ್ಟೈಟಿಸ್. ಇವತ್ತ ಡಾಕ್ಟರಿಗೆ ತೋರಸ್ರಿ, ಈ ಪತ್ರಿಕಿ ಬರೂ ತನಕ ಕಾದಿರಲಿಕ್ಕಿಲ್ಲ ಅಂತ ನಂಬೀನಿ (ನಿಮಗ ಫೋನಿನ್ಯಾಗ ಹೇಳೀನಿ, ಉಳದವರಿಗೆ ಇರ್ಲಿ ಅಂತ ಇಲ್ಲೆ ಹಾಕೇನಿ). ಜೋರಾಗಿ ತಿಕ್ಕೂದು ಬ್ಯಾಡ, ಒಳಗಿನ ಊತ ಹೆಚ್ಚಾಗ್ತದ. 2022ರಾಗ ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ (ಎದಿ ಹಾಲಿನ ವಿಷಯದ ಡಾಕ್ಟರ ಸಂಘ) ತಂದ ಹೊಸಾ ಮಾರ್ಗಸೂಚಿಯೊಳಗ ಬಿಸಿಗಿಂತ ತಣ್ಣನ ಪಟ್ಟಿ ಚಲೋ ಅಂತ, ಎದಿ ಪೂರ್ತಿ ಖಾಲಿ ಮಾಡಬೇಕು ಅಂತ ಪಂಪ್ ಹಚ್ಚಿ ಹಚ್ಚಿ ತಗೀಬ್ಯಾಡ್ರಿ ಅಂತ ಹೇಳ್ಯಾರ, ತಗದಷ್ಟು ಹಾಲು ಇನ್ನೂ ತುಂಬತದ. ಕೂಸಿಗೆ ದಿನದಂಗ ಎರಡೂ ಕಡೆ ಕುಡಸ್ರಿ, ಆ ಹಾಲಿನಿಂದ ಕೂಸಿಗೆ ಏನೂ ಆಗೂದಿಲ್ಲ. ನೋವಿಗೆ, ಊತಕ್ಕ ಐಬುಪ್ರೊಫೆನ್ ಕೊಡ್ತಾರ, ಆಂಟಿಬಯೋಟಿಕ್ ಬೇಕಾದ್ರ ಅದನ್ನೂ ಕೊಡ್ತಾರ, ಹಾಲ ಕುಡಸೂವಾಗ ನಡಿಯೂವಂಥಾವು ಅದಾವ. ಆಂಟಿಬಯೋಟಿಕ್ ಮುಗದ ಮ್ಯಾಲ ಎರಡೂ ಕಡೆ ಉರಿ ಸುರು ಆದ್ರ, ಆಗ ಮೊದಲನೇ ಪತ್ರ ಓದ್ರಿ.

ಪ್ರಶ್ನೆ: ನನ್ನ ವಯಸ್ಸು 38. ಸಣ್ಣ ಮಗ ಹಾಲು ಬಿಟ್ಟು ಎರಡ ವರ್ಷದ ಮ್ಯಾಲ ಆತು. ಬಲಗಡೆ ತೊಟ್ಟಿನ ಮ್ಯಾಲ ಇಸಬಿನಂಗ ಹೊಟ್ಟು ಹಾರತೈತಿ, ತುರಸತೈತಿ, ಫಂಗಸ್ ಮುಲಾಮು ತಿಂಗಳಾನುಗಟ್ಟಲೆ ಹಚ್ಚೇನಿ, ಹೋಗವಲ್ದು. (ಶಿಗ್ಗಾವಿ)

ಉತ್ತರ: ಮುಲಾಮು ಹಚ್ಚೂದು ನಿಲ್ಲಸ್ರಿ, ಈ ವಾರನ ಸರ್ಜನ್ ಹತ್ರ ಹೋಗ್ರಿ. ಹಾವೇರಿ ಜಿಲ್ಲಾ ಆಸ್ಪತ್ರಿ ಆಗ್ಲಿ, ಹುಬ್ಬಳ್ಳಿ ಕಿಮ್ಸ್ ದವಾಖಾನಿ (ಈಗ ಕೆ.ಎಂ.ಸಿ.ಆರ್.ಐ. ಅಂತ ಹೆಸರು) ಆಗ್ಲಿ, ಹೋಗಿ ತೋರಸ್ರಿ. ಬಹುತೇಕ ಇದು ಬರೇ ಇಸಬು ಇರಬಹುದು. ಆದ್ರ ಹಾಲು ಕುಡಸದ ಇರೂ ಹೆಣ್ಣಮಗಳಿಗೆ ಒಂದ ಕಡೆ ತೊಟ್ಟಿನ ಮ್ಯಾಲ ವಾರಗಟ್ಟಲೆ ಮಾಯದ ಹೊಟ್ಟು, ಹುಣ್ಣು, ನೀರು ಅಥವಾ ರಕ್ತ ಇದ್ರ, ಪ್ಯಾಜೆಟ್ ಅನ್ನೂ ಒಂದ ತರದ ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡ್ಕೋಬೇಕಾಗ್ತದ. ಚರ್ಮದ ಸಣ್ಣ ತುಣುಕು ತಗದು ಪರೀಕ್ಷಾ ಮಾಡ್ತಾರ, ಮ್ಯಾಮೋಗ್ರಾಂ ಮಾಡಸ್ತಾರ. ಇಷ್ಟ ದಿನ ಹಚ್ಚಿದ ಟ್ಯೂಬ್ ಎಲ್ಲಾ, ಖಾಲಿ ಆದದ್ದು ಸೈತ, ಚೀಲದಾಗ ಹಾಕೊಂಡು ಹೋಗ್ರಿ, ಏನೇನ ಹಚ್ಚೀರಿ ಅಂತ ಅವರಿಗೆ ಗೊತ್ತಾಗಬೇಕು. ಒಬ್ಬಾಕಿನ ಹೋಗಬ್ಯಾಡ್ರಿ, ಅಕ್ಕನ್ನೋ ಮನಿಯವರನ್ನೋ ಜೊತಿಗೆ ಕರಕೊಂಡು ಹೋಗ್ರಿ.